ಕತ್ತಲೆಗೊಂದು ಕೈದೀಪ: ಮನೆಯಲ್ಲೇ ಬ್ಯಾಟರಿ ದೀಪ ಮಾಡುವ ಬಗೆ

ಮಹಾನಗರಗಳಲ್ಲಿ ನೆಲೆಸಿರುವ ನಮ್ಮ ಪಾಲಿಗೆ ಬೆಳಕೆಂಬುದು ಗೋಡೆಯ ಮೇಲಿನ ಸ್ವಿಚ್ಚನ್ನು ಒತ್ತಿದೊಡನೆ ದೊರೆಯುವ ವಸ್ತುವಾಗಿಬಿಟ್ಟಿದೆ. ಅದು ಎಲ್ಲಿಂದ ಬರುತ್ತದೆ, ಹೇಗೆ ಬರುತ್ತದೆ ಎಂದು ವಿಚಾರಿಸುವ ಪ್ರಸಂಗವೇ ನಿತ್ಯಜೀವನದಲ್ಲಿ ಒದಗುವುದಿಲ್ಲ. ಅದು ಇಲ್ಲವಾದಾಗ ಮಾತ್ರ ಅದರ ಬೆಲೆ ನಮಗೆ ತಿಳಿಯುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಮುಂಬಯಿಯ ಉಪನಗರಗಳ ಅನೇಕ ಬಡಾವಣೆಗಳು ನೀರಿನಲ್ಲಿಯೂ ಕತ್ತಲೆಯಲ್ಲಿಯೂ ಮುಳುಗಿದುದನ್ನು ಅಲ್ಲಿದ್ದವರಾರೂ ಮರೆತಿಲ್ಲ. 2012ರ ಜುಲೈ 30 ಮತ್ತು 31ರಂದು ವಿದ್ಯುತ್ ಜಾಲ ಕುಸಿದಾಗ ದೆಹಲಿಯೂ ಸೇರಿದಂತೆ ಉತ್ತರ ಭಾರತದ ಬಹುಭಾಗ ನಿಶ್ಚಲವಾಯಿತು. 2015ರ ಡಿಸೆಂಬರಿನ ನೆರೆಯಲ್ಲಿಯೂ ಮರುವರ್ಷದ ವರ್ದಾ ಚಂಡಮಾರುತದಲ್ಲಿಯೂ ಚೆನ್ನೈ ನಿವಾಸಿಗಳು ಕತ್ತಲೆಯ ರಾತ್ರಿಗಳನ್ನು ಕಳೆದರು. 2020ರ ಅಕ್ಟೋಬರ್ 12ರ ಬೆಳಿಗ್ಗೆ ಮುಂಬಯಿಯಲ್ಲಿ ವಿದ್ಯುತ್ ನಿಂತಾಗ ಲೋಕಲ್ ರೈಲುಗಳೂ ನಿಂತುಹೋದವು.

ಇಂತಹ ಸಂದರ್ಭಗಳು ಪದೇ ಪದೇ ಬರುವುದಿಲ್ಲ, ನಿಜ. ಆದರೆ ಬಂದಾಗ ಮನೆಯ ಹಿರಿಯರು ಕತ್ತಲೆಯಲ್ಲಿ ಎಡವುತ್ತಾರೆ. ಲಿಫ್ಟು ನಿಂತು ಮೆಟ್ಟಿಲುಗಳನ್ನು ತಡಕಾಡುತ್ತ ಇಳಿಯಬೇಕಾಗುತ್ತದೆ. ಆತುರದಲ್ಲಿ ಹಚ್ಚಿಟ್ಟ ಮೇಣದ ಬತ್ತಿ ಪರದೆಗೆ ತಾಗಿದರೆ ಅನಾಹುತವೇ ಸರಿ. ಕೈಯಲ್ಲಿರುವ ಮೊಬೈಲ್ ಫೋನಿನಲ್ಲಿ ದೀಪವಿದೆಯಲ್ಲ ಎಂದು ಕೆಲವರು ಕೇಳಬಹುದು. ಇದೆ. ಆದರೆ ಆಪತ್ಕಾಲದಲ್ಲಿ ಆ ಫೋನಿನ ಬ್ಯಾಟರಿ ಉಳಿಯಬೇಕಾದುದು ದೂರದಲ್ಲಿ ಸಿಕ್ಕಿಕೊಂಡಿರುವ ಮನೆಯವರೊಡನೆ ಮಾತನಾಡುವುದಕ್ಕೆ, ವೈದ್ಯರನ್ನು ಕರೆಯುವುದಕ್ಕೆ. ಅದನ್ನು ದೀಪವಾಗಿ ಉರಿಸಿ ಬರಿದುಮಾಡುವುದು ಜಾಣತನವಲ್ಲ.

ಆದುದರಿಂದ ಈ ಲೇಖನದಲ್ಲಿ ನಾವು, ಬೆಂಕಿಯ ಭಯವಿಲ್ಲದ, ಮಕ್ಕಳೂ ಹಿರಿಯರ ಕಣ್ಣೆದುರಿನಲ್ಲಿ ಮಾಡಬಹುದಾದ, ಇನ್ನೂರು ರೂಪಾಯಿಯೊಳಗೆ ಮುಗಿಯಬಹುದಾದ ಒಂದು ಸರಳ ಬ್ಯಾಟರಿ ದೀಪವನ್ನು ಮನೆಯಲ್ಲೇ ತಯಾರಿಸುವ ಬಗೆಯನ್ನು ವಿವರಿಸುತ್ತಿದ್ದೇವೆ. ಅಂಗಡಿಯಲ್ಲಿ ಸಿದ್ಧವಾದ ದೀಪಗಳು ಧಾರಾಳವಾಗಿ ದೊರೆಯುತ್ತವೆ. ಅವುಗಳನ್ನು ಕೊಳ್ಳಬಾರದೆಂದು ನಮ್ಮ ವಾದವಲ್ಲ. ಆದರೆ ತಾನೇ ಜೋಡಿಸಿದ ದೀಪ ಕೆಟ್ಟಾಗ ಅದನ್ನು ಸರಿಪಡಿಸುವ ಅರಿವೂ ಜೋಡಿಸಿದವನ ಬಳಿಯೇ ಇರುತ್ತದೆ. ಕೊಂಡುತಂದ ವಸ್ತುವಿನೊಡನೆ ಆ ಅರಿವು ಬರುವುದಿಲ್ಲ.

ಸೆಲ್ಲಿನ ಒಳಗೆ ನಡೆಯುವುದೇನು?

ಮಾಡುವ ಮೊದಲು ತಿಳಿಯುವುದು ಒಳ್ಳೆಯದು. ಇಟಲಿಯ ಅಲೆಸ್ಸಾಂಡ್ರೋ ವೋಲ್ಟಾ 1800ರಲ್ಲಿ ಎರಡು ಬಗೆಯ ಲೋಹದ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ವಸ್ತುವನ್ನಿಟ್ಟು, ಒಂದರ ಮೇಲೊಂದರಂತೆ ಪೇರಿಸಿ, ಎಡೆಬಿಡದೆ ವಿದ್ಯುತ್ತನ್ನು ಪಡೆದು ತೋರಿಸಿದನು. ವಿದ್ಯುತ್ತಿನ ಒತ್ತಡವನ್ನು ಅಳೆಯುವ ಮಾನಕ್ಕೆ ವೋಲ್ಟ್ ಎಂಬ ಹೆಸರು ಬಂದಿರುವುದು ಅವನಿಂದಲೇ. 1866ರಲ್ಲಿ ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ ಸತು, ಇಂಗಾಲ, ಮ್ಯಾಂಗನೀಸ್ ಡೈಆಕ್ಸೈಡ್ ಮತ್ತು ನವಸಾಗರದ ದ್ರಾವಣವನ್ನು ಬಳಸಿ ಒಂದು ಕೋಶವನ್ನು ರೂಪಿಸಿದನು. ಆ ದ್ರಾವಣವನ್ನು ಚೆಲ್ಲದಂತೆ ಅಂಟಿನ ರೂಪಕ್ಕೆ ತಂದಾಗ ಅದು ಶುಷ್ಕಕೋಶವಾಯಿತು. ನಾವು ಇಂದು ಸೆಲ್ ಎಂದು ಕರೆಯುವ ವಸ್ತು ಇದರ ವಂಶದ್ದೇ.

ಸಾಧಾರಣ ಸೆಲ್ಲಿನ ಹೊರಗಿನ ಡಬ್ಬಿ ಸತುವಿನಿಂದಾದುದು. ಅದೇ ಋಣ ತುದಿ. ನಡುವಿನಲ್ಲಿರುವುದು ಇಂಗಾಲದ ಕಡ್ಡಿ. ಅದರ ತಲೆಯ ಮೇಲಿನ ಲೋಹದ ಮೊಗ್ಗೇ ಧನ ತುದಿ. ಹೊರಗಿನ ತಂತಿಯ ಮೂಲಕ ದಾರಿ ದೊರೆತೊಡನೆ ಸತುವು ನಿಧಾನವಾಗಿ ಕರಗುತ್ತ ತನ್ನಲ್ಲಿರುವ ಎಲೆಕ್ಟ್ರಾನುಗಳನ್ನು ಆ ದಾರಿಯಲ್ಲಿ ಕಳುಹಿಸುತ್ತದೆ. ಅವು ದೀಪವನ್ನು ಹಾದು ಮತ್ತೊಂದು ತುದಿಯಿಂದ ಸೆಲ್ಲನ್ನು ಸೇರುತ್ತವೆ. ಅಲ್ಲಿ ಮ್ಯಾಂಗನೀಸ್ ಡೈಆಕ್ಸೈಡ್ ಅವನ್ನು ಬರಮಾಡಿಕೊಳ್ಳುತ್ತದೆ. ದಾರಿ ಎಲ್ಲಿ ತುಂಡಾದರೂ ಪ್ರವಾಹ ನಿಲ್ಲುತ್ತದೆ. ಸ್ವಿಚ್ಚು ಮಾಡುವ ಕೆಲಸವೂ ಇಷ್ಟೇ: ದಾರಿಯನ್ನು ತೆರೆಯುವುದು, ಮುಚ್ಚುವುದು.

ಹಳೆಯ ಸೆಲ್ಲು ಏಕೆ ಸೋರುತ್ತದೆ ಎಂಬ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ. ಉಪಯೋಗವಾದಂತೆಲ್ಲ ಕರಗುವುದು ಹೊರಗಿನ ಸತುವಿನ ಡಬ್ಬಿಯೇ ಆದುದರಿಂದ ಅದು ತೆಳುವಾಗಿ, ಕೊನೆಗೆ ತೂತಾಗಿ, ಒಳಗಿನ ಅಂಟು ಹೊರಬರುತ್ತದೆ. ಟಾರ್ಚಿನಲ್ಲಿ ತಿಂಗಳುಗಟ್ಟಲೆ ಮರೆತುಬಿಟ್ಟ ಸೆಲ್ಲು ಟಾರ್ಚನ್ನೇ ಹಾಳುಮಾಡುವುದು ಹೀಗೆ. ಆಲ್ಕಲೈನ್ ಎಂದು ಬರೆದಿರುವ ಸೆಲ್ಲುಗಳ ರಚನೆ ಬೇರೆ. ಅವುಗಳ ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು. ಆದರೆ ಬಹುಕಾಲ ಮರೆತರೆ ಅವೂ ಸೋರಬಲ್ಲವು.

ಎರಡರದ್ದೂ ಒತ್ತಡ ಹೊಸದಾಗಿರುವಾಗ ಸುಮಾರು 1.5 ವೋಲ್ಟ್. ಒಂದರ ಧನ ತುದಿಯನ್ನು ಮತ್ತೊಂದರ ಋಣ ತುದಿಗೆ ಸೇರಿಸಿ ಸಾಲಾಗಿ ಜೋಡಿಸಿದರೆ ಒತ್ತಡಗಳು ಕೂಡಿಕೊಳ್ಳುತ್ತವೆ. ಎರಡಕ್ಕೆ 3 ವೋಲ್ಟ್, ಮೂರಕ್ಕೆ 4.5 ವೋಲ್ಟ್.

ಪುಟ್ಟ ಬಲ್ಬಿನ ದೊಡ್ಡ ಕತೆ

ಹಿಂದೆ ಟಾರ್ಚುಗಳಲ್ಲಿ ಇರುತ್ತಿದ್ದುದು ತಂತಿ ಕಾದು ಬೆಳಗುವ ಬಲ್ಬು. ಅದಕ್ಕೆ ಹೋಗುವ ವಿದ್ಯುತ್ತಿನ ಬಹುಪಾಲು ಶಾಖವಾಗಿ ವ್ಯರ್ಥವಾಗುತ್ತಿತ್ತು, ಬೆಳಕಾಗುತ್ತಿದ್ದುದು ಅಲ್ಪವೇ. ಇಂದು ಅದರ ಸ್ಥಾನವನ್ನು ಎಲ್‌ಇಡಿ ಆಕ್ರಮಿಸಿದೆ. ಇದು ಅರೆವಾಹಕದ ಒಂದು ಹರಳು. ಅದರೊಳಗಿನ ಸಂಧಿಯನ್ನು ದಾಟುವಾಗ ಎಲೆಕ್ಟ್ರಾನುಗಳು ತಮ್ಮ ಶಕ್ತಿಯನ್ನು ನೇರವಾಗಿ ಬೆಳಕಿನ ರೂಪದಲ್ಲಿ ಬಿಟ್ಟುಕೊಡುತ್ತವೆ. ಕಾಯಬೇಕಾದ ತಂತಿಯೇ ಇಲ್ಲದುದರಿಂದ ಸೆಲ್ಲಿನ ಶಕ್ತಿ ಉಳಿಯುತ್ತದೆ.

1962ರಲ್ಲಿ ಅಮೆರಿಕದ ನಿಕ್ ಹೊಲೊನ್ಯಾಕ್ ಕೆಂಪು ಬೆಳಕಿನ ಎಲ್‌ಇಡಿಯನ್ನು ಮಾಡಿ ತೋರಿಸಿದನು. ಬಳಿಕ ಹಸಿರು, ಹಳದಿ ಬಂದವು. ಆದರೆ ಪ್ರಖರವಾದ ನೀಲಿ ಬೆಳಕಿಗಾಗಿ ಜಗತ್ತು 1990ರ ದಶಕದವರೆಗೆ ಕಾಯಬೇಕಾಯಿತು. ನೀಲಿ ಇಲ್ಲದೆ ಬಿಳಿ ಬೆಳಕು ಸಾಧ್ಯವಿರಲಿಲ್ಲ. ಈ ತೊಡಕನ್ನು ಬಿಡಿಸಿದ ಇಸಾಮು ಅಕಸಾಕಿ, ಹಿರೋಶಿ ಅಮಾನೊ ಮತ್ತು ಶುಜಿ ನಕಾಮುರ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಸಂದಿತು. ನಾವು ಎರಡು ಮೂರು ರೂಪಾಯಿಗೆ ಕೊಳ್ಳುವ ಬಿಳಿ ಎಲ್‌ಇಡಿಯ ಒಳಗಿರುವುದು ವಾಸ್ತವವಾಗಿ ನೀಲಿ ಬೆಳಕಿನ ಹರಳೇ. ಅದರ ಮೇಲೆ ಬಳಿದಿರುವ ಹಳದಿ ಪುಡಿಯ ಲೇಪವು ನೀಲಿಯ ಒಂದಂಶವನ್ನು ಹಳದಿಯಾಗಿಸುತ್ತದೆ. ಎರಡೂ ಬೆರೆತು ನಮ್ಮ ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ.

ಎಲ್‌ಇಡಿಯ ಎರಡು ಗುಣಗಳನ್ನು ನೆನಪಿನಲ್ಲಿಡಬೇಕು. ಮೊದಲನೆಯದು, ಅದು ಒಂದೇ ದಿಕ್ಕಿನಲ್ಲಿ ವಿದ್ಯುತ್ತನ್ನು ಬಿಟ್ಟುಕೊಳ್ಳುತ್ತದೆ. ಹೊಸ ಎಲ್‌ಇಡಿಯ ಎರಡು ಕಾಲುಗಳಲ್ಲಿ ಉದ್ದನೆಯದು ಧನ, ಗಿಡ್ಡನೆಯದು ಋಣ. ಕಾಲುಗಳನ್ನು ಕತ್ತರಿಸಿದ ಮೇಲೆ ಗುರುತಿಸಬೇಕಾದರೆ ಬಲ್ಬಿನ ಬುಡದ ಅಂಚನ್ನು ಸವರಿ ನೋಡಿ. ಚಪ್ಪಟೆಯಾಗಿರುವ ಕಡೆ ಋಣ. ಎರಡನೆಯದು, ಬಿಳಿ ಎಲ್‌ಇಡಿಗೆ ಬೇಕಾದ ಒತ್ತಡ ಸುಮಾರು 3.1 ವೋಲ್ಟ್. ಅದನ್ನು ಸ್ವಲ್ಪ ಮೀರಿದರೂ ಅದರಲ್ಲಿ ಹರಿಯುವ ಪ್ರವಾಹ ವಿಪರೀತವಾಗಿ ಏರಿ, ಹರಳು ಬಿಸಿಯಾಗಿ, ಕ್ಷಣದಲ್ಲೋ ಕೆಲವು ದಿನಗಳಲ್ಲೋ ಕೆಡುತ್ತದೆ. ಆದುದರಿಂದ ಅದಕ್ಕೆ ಕಡಿವಾಣ ಬೇಕು. ಆ ಕಡಿವಾಣವೇ ರೋಧಕ. ಅಂಗಡಿಯಲ್ಲಿ ಕೇಳುವಾಗ ರೆಸಿಸ್ಟರ್ ಎನ್ನಬೇಕು.

ಒಂದು ಸಣ್ಣ ಲೆಕ್ಕ

ಎಂಟನೆಯ ಅಥವಾ ಹತ್ತನೆಯ ತರಗತಿಯ ಮಕ್ಕಳಿದ್ದರೆ ಈ ಲೆಕ್ಕವನ್ನು ಅವರಿಂದಲೇ ಮಾಡಿಸಿರಿ. ಮೂರು ಸೆಲ್ಲುಗಳ ಒತ್ತಡ 4.5 ವೋಲ್ಟ್. ಅದರಲ್ಲಿ ಎಲ್‌ಇಡಿಯ ಪಾಲು 3.1. ಉಳಿಯುವ 1.4 ವೋಲ್ಟನ್ನು ರೋಧಕ ಹೊರಬೇಕು. 100 ಓಮ್‌ನ ರೋಧಕವನ್ನು ಹಾಕಿದರೆ, ಓಮನ ನಿಯಮದಂತೆ 1.4ನ್ನು 100ರಿಂದ ಭಾಗಿಸಿದಾಗ 0.014 ಆಂಪಿಯರ್, ಅಂದರೆ 14 ಮಿಲಿಆಂಪಿಯರ್ ಪ್ರವಾಹ ಹರಿಯುತ್ತದೆ. ಸಾಧಾರಣ 5 ಮಿಲಿಮೀಟರ್ ಎಲ್‌ಇಡಿ ತಾಳಬಲ್ಲದ್ದು 20 ಮಿಲಿಆಂಪಿಯರ್. ಆದುದರಿಂದ ನಾವು ಸುರಕ್ಷಿತವಾದ ಮಿತಿಯೊಳಗೆಯೇ ಇದ್ದೇವೆ.

ಇಂತಹ ನಾಲ್ಕು ಎಲ್‌ಇಡಿಗಳಿಗೆ ಒಟ್ಟು 56 ಮಿಲಿಆಂಪಿಯರ್ ಸಾಕು. ಹಳೆಯ ಟಾರ್ಚಿನ ಬಲ್ಬೊಂದೇ ಸುಮಾರು 300 ಮಿಲಿಆಂಪಿಯರನ್ನು ಹೀರುತ್ತಿದ್ದುದನ್ನು ನೆನೆದರೆ ಉಳಿತಾಯ ಎಷ್ಟೆಂಬುದು ಸ್ಪಷ್ಟವಾಗುತ್ತದೆ. ಒಳ್ಳೆಯ ಆಲ್ಕಲೈನ್ ಪೆನ್ಸಿಲ್ ಸೆಲ್ಲು ಸುಮಾರು 2000 ಮಿಲಿಆಂಪಿಯರ್-ಗಂಟೆಗಳ ಶಕ್ತಿಯನ್ನು ಹಿಡಿದಿರುತ್ತದೆ. 2000ವನ್ನು 56ರಿಂದ ಭಾಗಿಸಿದರೆ 35 ಗಂಟೆಗಳಿಗೂ ಹೆಚ್ಚು. ಸೆಲ್ಲು ಬಳಲಿದಂತೆ ಪ್ರವಾಹವೂ ಕುಗ್ಗುವುದರಿಂದ ಬೆಳಕು ಒಮ್ಮೆಲೇ ಆರದೆ ಮೆಲ್ಲಮೆಲ್ಲನೆ ಮಂದವಾಗುತ್ತ ಹೋಗುತ್ತದೆ. ದೀಪವೇ ಮುನ್ಸೂಚನೆ ಕೊಟ್ಟಂತಾಯಿತು. ಸಾಧಾರಣ ಅಗ್ಗದ ಸೆಲ್ಲುಗಳಾದರೆ ಇದರ ಅರ್ಧಕ್ಕಿಂತಲೂ ಕಡಿಮೆ ಕಾಲ ಬಾಳುತ್ತವೆ. ಟಾರ್ಚಿಗೆ ಹಾಕುವ ದೊಡ್ಡ ಸೆಲ್ಲುಗಳನ್ನು ಬಳಸಿದರೆ ಇದೇ ದೀಪ ಹಲವು ಪಟ್ಟು ಹೆಚ್ಚು ಕಾಲ ಬೆಳಗುತ್ತದೆ.

ಬೇಕಾಗುವ ಸಾಮಗ್ರಿಗಳು

1. ಪೆನ್ಸಿಲ್ ಸೆಲ್ಲುಗಳು (ಎಎ ಗಾತ್ರ) – 3
2. ಮೂರು ಸೆಲ್ಲುಗಳನ್ನು ಹಿಡಿಯುವ, ಕೆಂಪು ಮತ್ತು ಕಪ್ಪು ತಂತಿಗಳಿರುವ ಹೋಲ್ಡರ್ – 1
3. 5 ಮಿಲಿಮೀಟರಿನ ಬಿಳಿ ಎಲ್‌ಇಡಿಗಳು – 4
4. 100 ಓಮ್, ಕಾಲು ವ್ಯಾಟ್ ರೋಧಕಗಳು – 4 (ಮೈಮೇಲಿನ ಪಟ್ಟೆಗಳು ಕಂದು, ಕಪ್ಪು, ಕಂದು, ಚಿನ್ನದ ಬಣ್ಣ)
5. ಚಿಕ್ಕ ಸ್ವಿಚ್ಚು – 1
6. ತೆಳುವಾದ ತಂತಿ – 1 ಮೀಟರ್
7. ಇನ್ಸುಲೇಶನ್ ಟೇಪು, ಕತ್ತರಿ, ದಪ್ಪ ಸೂಜಿ
8. ಬಿಳಿಯ ಪ್ಲಾಸ್ಟಿಕ್ ಡಬ್ಬಿ ಅಥವಾ ದಪ್ಪ ರಟ್ಟು

ಇವೆಲ್ಲ ದೊರೆಯುವ ಸ್ಥಳ ಆಯಾ ನಗರದವರಿಗೆ ಗೊತ್ತಿರುವುದೇ. ಮುಂಬಯಿಯವರಿಗೆ ಲ್ಯಾಮಿಂಗ್ಟನ್ ರಸ್ತೆ, ಪುಣೆಯವರಿಗೆ ಬುಧವಾರ ಪೇಠೆ, ಚೆನ್ನೈಯವರಿಗೆ ರಿಚಿ ಸ್ಟ್ರೀಟ್, ಹೈದರಾಬಾದಿನವರಿಗೆ ಕೋಠಿ, ದೆಹಲಿಯವರಿಗೆ ಕೆಂಪುಕೋಟೆಯೆದುರಿನ ಲಾಜಪತ ರಾಯ್ ಮಾರುಕಟ್ಟೆ. ಊರಿಗೆ ಹೋಗುವ ದಾರಿಯಲ್ಲಿ ಬೆಂಗಳೂರಿನಲ್ಲಿ ಇಳಿಯುವವರಿಗೆ ಎಸ್.ಪಿ. ರಸ್ತೆ ಇದ್ದೇ ಇದೆ. ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯುವುದೇ ಒಂದು ಪಾಠ. ಮಳಿಗೆಯವರು ಚಿಕ್ಕ ಗಿರಾಕಿಯ ಪ್ರಶ್ನೆಗೂ ಸಾಮಾನ್ಯವಾಗಿ ಬೇಸರಿಸದೆ ಉತ್ತರಿಸುತ್ತಾರೆ.

ಜೋಡಿಸುವ ಕ್ರಮ

ಮೊದಲು ಪರೀಕ್ಷೆ. ಹೋಲ್ಡರಿನಲ್ಲಿ ಸೆಲ್ಲುಗಳನ್ನು ಹಾಕಿರಿ. ಸ್ಪ್ರಿಂಗಿರುವ ಕಡೆಗೆ ಸೆಲ್ಲಿನ ಚಪ್ಪಟೆ ತುದಿ ಬರಬೇಕು. ಒಂದು ಎಲ್‌ಇಡಿಯ ಉದ್ದನೆಯ ಕಾಲಿಗೆ ಒಂದು ರೋಧಕವನ್ನು ಹೆಣೆದು, ರೋಧಕದ ಇನ್ನೊಂದು ತುದಿಯನ್ನು ಕೆಂಪು ತಂತಿಗೂ ಎಲ್‌ಇಡಿಯ ಗಿಡ್ಡನೆಯ ಕಾಲನ್ನು ಕಪ್ಪು ತಂತಿಗೂ ಮುಟ್ಟಿಸಿರಿ. ಅದು ಬೆಳಗಬೇಕು. ನಾಲ್ಕನ್ನೂ ಹೀಗೆಯೇ ಪರೀಕ್ಷಿಸಿ, ಬಳಿಕ ಸೆಲ್ಲುಗಳನ್ನು ಹೊರತೆಗೆಯಿರಿ. ಮುಂದಿನ ಕೆಲಸವೆಲ್ಲ ಸೆಲ್ಲುಗಳಿಲ್ಲದೆಯೇ ನಡೆಯಲಿ.

ಡಬ್ಬಿಯ ಮುಚ್ಚಳದಲ್ಲಿ ಎರಡೆರಡು ಸೆಂಟಿಮೀಟರ್ ಅಂತರದಲ್ಲಿ, ಒಂದೊಂದು ಎಲ್‌ಇಡಿಗೆ ಎರಡೆರಡರಂತೆ, ಕಾಲುಗಳು ತೂರುವಷ್ಟು ಸಣ್ಣ ತೂತುಗಳನ್ನು ಮಾಡಿರಿ. ಸೂಜಿಯನ್ನು ಬಳಸುವ ಈ ಕೆಲಸವನ್ನು ದೊಡ್ಡವರೇ ಮಾಡುವುದು ಲೇಸು. ಎಲ್‌ಇಡಿಗಳ ತಲೆ ಮುಂಭಾಗದಲ್ಲಿ, ಕಾಲುಗಳು ಹಿಂಭಾಗದಲ್ಲಿ ಇರುವಂತೆ ಕೂಡಿಸಿ, ಎಲ್ಲ ಉದ್ದನೆಯ ಕಾಲುಗಳೂ ಒಂದೇ ಪಕ್ಕಕ್ಕೆ ಬರುವಂತೆ ತಿರುಗಿಸಿರಿ.

ಈಗ ಪ್ರತಿಯೊಂದು ಉದ್ದನೆಯ ಕಾಲಿಗೂ ಒಂದೊಂದು ರೋಧಕವನ್ನು ಮೂರು ನಾಲ್ಕು ಸುತ್ತು ಬಿಗಿಯಾಗಿ ಹೆಣೆಯಿರಿ. ನಾಲ್ಕು ರೋಧಕಗಳ ಬಿಡಿ ತುದಿಗಳನ್ನೂ ಒಂದೇ ತಂತಿಗೆ ಸೇರಿಸಿರಿ. ಆ ತಂತಿಯನ್ನು ಸ್ವಿಚ್ಚಿನ ಒಂದು ಕಾಲಿಗೆ, ಸ್ವಿಚ್ಚಿನ ಮತ್ತೊಂದು ಕಾಲನ್ನು ಹೋಲ್ಡರಿನ ಕೆಂಪು ತಂತಿಗೆ ಜೋಡಿಸಿರಿ. ನಾಲ್ಕು ಗಿಡ್ಡನೆಯ ಕಾಲುಗಳನ್ನೂ ಮತ್ತೊಂದು ತಂತಿಗೆ ಸೇರಿಸಿ, ಅದನ್ನು ಹೋಲ್ಡರಿನ ಕಪ್ಪು ತಂತಿಗೆ ಹೆಣೆಯಿರಿ. ಪ್ರತಿ ಕೀಲಿಗೂ ಟೇಪು ಸುತ್ತಿರಿ. ಧನ ಪಕ್ಕದ ಬರಿಯ ಲೋಹವು ಋಣ ಪಕ್ಕದ ಬರಿಯ ಲೋಹಕ್ಕೆ ಎಲ್ಲಿಯೂ ತಾಗಕೂಡದು. ಬೆಸುಗೆ ಹಾಕಲು ಬಲ್ಲವರು ಕೀಲುಗಳಿಗೆ ಬೆಸುಗೆ ಹಾಕಿದರೆ ದೀಪ ವರ್ಷಗಟ್ಟಲೆ ಬಾಳುತ್ತದೆ. ಆದರೆ ಸೆಲ್ಲಿನ ಮೈಗೆ ನೇರವಾಗಿ ಎಂದಿಗೂ ಬೆಸುಗೆ ಹಾಕಬಾರದು.

ನಾಲ್ಕಕ್ಕೂ ಸೇರಿ ಒಂದೇ ರೋಧಕ ಸಾಲದೇ ಎಂದು ಕೆಲವರು ಕೇಳಬಹುದು. ಒಂದೇ ಪೊಟ್ಟಣದ ಎಲ್‌ಇಡಿಗಳೂ ತದ್ವತ್ತಾಗಿ ಇರುವುದಿಲ್ಲ. ಒಂದಕ್ಕೆ 3 ವೋಲ್ಟ್ ಸಾಕಾದರೆ ಮತ್ತೊಂದಕ್ಕೆ 3.2 ಬೇಕು. ಕಡಿವಾಣ ಒಂದೇ ಆದಾಗ ಕಡಿಮೆ ಒತ್ತಡದಲ್ಲಿ ತೆರೆದುಕೊಳ್ಳುವುದು ಹೆಚ್ಚಿನ ಪ್ರವಾಹವನ್ನು ತಾನೇ ಎಳೆದುಕೊಳ್ಳುತ್ತದೆ. ಉಳಿದವು ಮಂದವಾಗುತ್ತವೆ, ಅದು ಬೇಗನೆ ಕೆಡುತ್ತದೆ. ಒಂದೊಂದಕ್ಕೆ ಒಂದೊಂದು ರೋಧಕವಿದ್ದರೆ ಎಲ್ಲಕ್ಕೂ ಸಮಪಾಲು.

ಸೆಲ್ಲುಗಳನ್ನು ಮರಳಿ ಹಾಕಿ ಸ್ವಿಚ್ಚನ್ನು ಒತ್ತಿರಿ. ಎಲ್‌ಇಡಿಯ ಬೆಳಕು ಒಂದೇ ಕಡೆಗೆ ಚೂಪಾಗಿ ಬೀಳುತ್ತದೆ. ಅದರ ಮೇಲೆ ಬೆಣ್ಣೆಕಾಗದವನ್ನೋ ಹಾಲುಬಿಳಿಯ ಪ್ಲಾಸ್ಟಿಕ್ ಡಬ್ಬಿಯನ್ನೋ ಕವುಚಿದರೆ ಬೆಳಕು ಹರಡಿ ಕಣ್ಣಿಗೆ ಹಿತವಾಗುತ್ತದೆ. ದೀಪವನ್ನು ಬಿಳಿ ಸುಣ್ಣದ ಛಾವಣಿಯ ಕಡೆಗೆ ಮುಖಮಾಡಿ ಕಪಾಟಿನ ಮೇಲಿಟ್ಟರೂ ಛಾವಣಿಯೇ ಬೆಳಕನ್ನು ಕೋಣೆಗೆಲ್ಲ ಹಂಚುತ್ತದೆ. ಇದು ಟ್ಯೂಬ್‌ಲೈಟಿನಂತೆ ಮನೆಯನ್ನು ಝಗಝಗಿಸದು. ಆದರೆ ಔಷಧದ ಶೀಶೆಯ ಮೇಲಿನ ಹೆಸರನ್ನು ಓದಲು, ಊಟ ಬಡಿಸಲು, ಹಿರಿಯರು ಬಚ್ಚಲಿಗೆ ಹೋಗಿಬರಲು, ಹತ್ತಿರ ಹಿಡಿದರೆ ಪುಸ್ತಕ ಓದಲು ಧಾರಾಳವಾಗಿ ಸಾಕು.

ಬೆಳಗದಿದ್ದರೆ

ಒಂದೂ ಬೆಳಗದಿದ್ದರೆ ಸೆಲ್ಲುಗಳ ದಿಕ್ಕನ್ನು, ಸ್ವಿಚ್ಚಿನ ಕೀಲುಗಳನ್ನು, ಹೋಲ್ಡರಿನ ಸ್ಪ್ರಿಂಗು ಸೆಲ್ಲಿಗೆ ತಾಗುತ್ತಿದೆಯೇ ಎಂಬುದನ್ನು ನೋಡಿರಿ. ಒಂದು ಮಾತ್ರ ಬೆಳಗದಿದ್ದರೆ ಅದು ತಿರುವುಮುರುವಾಗಿರಬಹುದು. ಈ ಮಟ್ಟದ ಒತ್ತಡದಲ್ಲಿ ತಿರುವುಮುರುವಾದ ಎಲ್‌ಇಡಿ ಬೆಳಗುವುದಿಲ್ಲವಾದರೂ ಕೆಡುವುದೂ ಇಲ್ಲ. ಸರಿಯಾಗಿ ತಿರುಗಿಸಿದರೆ ಸಾಕು. ಮಿನುಗುತ್ತಿದ್ದರೆ ಯಾವುದೋ ಕೀಲು ಸಡಿಲವಾಗಿದೆ. ತಂತಿಯೋ ಸೆಲ್ಲೋ ಬಿಸಿಯಾದರೆ ಮಾತ್ರ ತಡಮಾಡದೆ ಸೆಲ್ಲುಗಳನ್ನು ತೆಗೆಯಿರಿ. ಎಲ್ಲಿಯೋ ಧನ ಋಣಗಳು ನೇರವಾಗಿ ತಾಗಿವೆ ಎಂದು ಅದರ ಅರ್ಥ.

ಮತ್ತೆ ಮತ್ತೆ ಚಾರ್ಜು ಮಾಡಬಹುದಾದ ನಿಕಲ್ ಸೆಲ್ಲುಗಳನ್ನು ಬಳಸುವವರು ಒಂದು ವಿಷಯವನ್ನು ಗಮನಿಸಬೇಕು. ಅವುಗಳ ಒತ್ತಡ ಪ್ರತಿಯೊಂದಕ್ಕೆ 1.2 ವೋಲ್ಟ್ ಮಾತ್ರ. ಮೂರನ್ನು ಹಾಕಿದರೆ 3.6 ಆಗಿ ಬೆಳಕು ಮಂದವಾಗುತ್ತದೆ. ನಾಲ್ಕು ಸೆಲ್ಲುಗಳ ಹೋಲ್ಡರನ್ನು ತಂದರೆ 4.8 ವೋಲ್ಟ್ ದೊರೆತು ಇದೇ 100 ಓಮ್ ರೋಧಕದೊಡನೆ 17 ಮಿಲಿಆಂಪಿಯರ್ ಹರಿಯುತ್ತದೆ. ಮತ್ತೊಂದು ಮಿತವ್ಯಯದ ಮಾತು: ಆಟಿಕೆಯ ಕಾರನ್ನು ಓಡಿಸಲಾರದಷ್ಟು ಬಳಲಿದ ಸಾಧಾರಣ ಸೆಲ್ಲುಗಳೂ ಈ ದೀಪವನ್ನು ಇನ್ನೂ ಕೆಲವು ಗಂಟೆ ಸಣ್ಣಗೆ ಬೆಳಗಿಸಬಲ್ಲವು. ಎಸೆಯುವ ಮುನ್ನ ಒಮ್ಮೆ ಪರೀಕ್ಷಿಸಿರಿ. ಆದರೆ ಹೊಸದನ್ನೂ ಹಳೆಯದನ್ನೂ ಬೆರೆಸಬೇಡಿರಿ. ಬಳಲಿದ ಸೆಲ್ಲು ಬೇಗನೆ ಸೋರುತ್ತದೆ.

ಎಚ್ಚರಿಕೆಯ ಮಾತುಗಳು

ಈ ದೀಪದಿಂದ ಶಾಕು ಹೊಡೆಯುವ ಭಯವಿಲ್ಲ. 4.5 ವೋಲ್ಟ್ ಅತ್ಯಲ್ಪ ಒತ್ತಡ. ಹಾಗೆಂದು ಇದರ ತಂತಿಗಳನ್ನು ಗೋಡೆಯ 230 ವೋಲ್ಟ್ ಪ್ಲಗ್ಗಿಗೆ ಎಂದಿಗೂ ತಾಗಿಸಬಾರದೆಂಬುದನ್ನು ಮಕ್ಕಳಿಗೆ ಸ್ಪಷ್ಟವಾಗಿ ತಿಳಿಸಬೇಕು.

ಹಳೆಯ ಲ್ಯಾಪ್‌ಟಾಪಿನಿಂದಲೋ ಮೊಬೈಲಿನಿಂದಲೋ ತೆಗೆದ ಲಿಥಿಯಂ ಬ್ಯಾಟರಿಗಳನ್ನು ಈ ಕೆಲಸಕ್ಕೆ ಬಳಸಬೇಡಿರಿ. ಅವು ಚುಚ್ಚಿಹೋದರೆ, ಉಬ್ಬಿದ್ದರೆ, ಎರಡು ತುದಿಗಳು ನೇರವಾಗಿ ತಾಗಿದರೆ ಹೊತ್ತಿಕೊಳ್ಳುವ ಸಂಭವವುಂಟು. ಯಾವ ಸೆಲ್ಲನ್ನೂ ಒಡೆದು ನೋಡುವುದು, ಬೆಂಕಿಗೆ ಹಾಕುವುದು ಸಲ್ಲದು.

ಎಲ್ಲಕ್ಕಿಂತ ಮುಖ್ಯವಾದುದು ನಾಣ್ಯದಂತಿರುವ ಸೆಲ್ಲುಗಳ ವಿಚಾರ. ದೀಪಾವಳಿಯ ಸಮಯದಲ್ಲಿ ಮಾರಾಟಕ್ಕೆ ಬರುವ ಪ್ಲಾಸ್ಟಿಕ್ ಹಣತೆಗಳಲ್ಲಿಯೂ ಅನೇಕ ಆಟಿಕೆಗಳಲ್ಲಿಯೂ ಇಂತಹ ಸೆಲ್ಲುಗಳಿರುತ್ತವೆ. ಮಗು ಅದನ್ನು ನುಂಗಿದರೆ, ಅನ್ನನಾಳದ ತೇವದಲ್ಲಿ ವಿದ್ಯುತ್ತು ಹರಿದು ಎರಡು ಗಂಟೆಗಳೊಳಗೇ ತೀವ್ರವಾದ ಸುಟ್ಟ ಗಾಯವಾಗಬಲ್ಲದು, ಪ್ರಾಣಕ್ಕೂ ಅಪಾಯ. ನುಂಗಿರಬಹುದೆಂಬ ಸಂಶಯ ಬಂದರೂ ಸಾಕು, ವಾಂತಿ ಮಾಡಿಸಲು ಯತ್ನಿಸದೆ, ನಾಳೆ ನೋಡೋಣವೆನ್ನದೆ, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇಂತಹ ಸೆಲ್ಲುಗಳಿಂದ ದೀಪ ಮಾಡದಿರುವುದೇ ಒಳಿತು. ನಾವು ಪೆನ್ಸಿಲ್ ಸೆಲ್ಲುಗಳನ್ನು ಆರಿಸಿದುದಕ್ಕೆ ಇದೂ ಒಂದು ಕಾರಣ.

ದೀಪವನ್ನು ಎತ್ತಿಡುವಾಗ ಸೆಲ್ಲುಗಳನ್ನು ಹೊರತೆಗೆದು, ದೀಪದ ಜೊತೆಯಲ್ಲೇ ಒಂದು ಪುಟ್ಟ ಚೀಲದಲ್ಲಿಡಿರಿ. ಕರಾವಳಿಯ ನಗರಗಳ ಮಳೆಗಾಲದ ತೇವಕ್ಕೆ ಹೋಲ್ಡರಿನ ಲೋಹ ಕಿಲುಬು ಹಿಡಿಯುತ್ತದೆ. ತಿಂಗಳಿಗೊಮ್ಮೆ ಒಣ ಬಟ್ಟೆಯಿಂದ ಒರೆಸಿ, ಬೆಳಗಿಸಿ ನೋಡುವುದು ಉತ್ತಮ. ಮುಗಿದ ಸೆಲ್ಲುಗಳನ್ನು ಅಡುಗೆಮನೆಯ ಕಸದೊಡನೆ ಸೇರಿಸದೆ ಬೇರೆಯಾಗಿ ಕೂಡಿಟ್ಟು, ಸಂಗ್ರಹ ಕೇಂದ್ರಕ್ಕೋ ಅಧಿಕೃತವಾಗಿ ಇ-ತ್ಯಾಜ್ಯ ಸ್ವೀಕರಿಸುವವರಿಗೋ ಒಪ್ಪಿಸಿರಿ. 2022ರಲ್ಲಿ ಜಾರಿಗೆ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಮುಗಿದ ಬ್ಯಾಟರಿಗಳನ್ನು ಮರಳಿ ಸಂಗ್ರಹಿಸಿ ಸಂಸ್ಕರಿಸುವ ಹೊಣೆಯನ್ನು ತಯಾರಕರ ಮೇಲೆಯೇ ಹೊರಿಸಿವೆ. ಅದು ನೆರವೇರಬೇಕಾದರೆ ಬಳಕೆದಾರರಾದ ನಾವೂ ಅವನ್ನು ಬೇರ್ಪಡಿಸಿ ಕೊಡಬೇಕು.

ಗೂಡುದೀಪದಿಂದ ಆಕಾಶಬುಟ್ಟಿಯವರೆಗೆ

ಈ ದೀಪ ಆಪತ್ಕಾಲಕ್ಕೆ ಮಾತ್ರವೆಂದು ಕಪಾಟಿನಲ್ಲಿ ಕೂಡಬೇಕಾಗಿಲ್ಲ. ಕರಾವಳಿಯವರ ಗೂಡುದೀಪ, ಉತ್ತರ ಕರ್ನಾಟಕದವರ ಆಕಾಶಬುಟ್ಟಿ, ಮಹಾರಾಷ್ಟ್ರದ ನೆರೆಹೊರೆಯವರ ಆಕಾಶ ಕಂದೀಲು – ಇವೆಲ್ಲ ಒಂದೇ ಬಳಗದ ದೀಪಗಳು. ಬಿದಿರಿನ ಕಡ್ಡಿ, ಬಣ್ಣದ ಕಾಗದಗಳಿಂದ ಮಕ್ಕಳು ಮಾಡಿದ ಗೂಡುದೀಪದೊಳಗೆ ಈ ಬ್ಯಾಟರಿ ದೀಪವನ್ನಿಟ್ಟರೆ ಕಿಟಕಿಯ ಸಂದಿಯಿಂದ ಬಾಲ್ಕನಿಗೆ ವಯರು ಎಳೆಯುವ ಅಗತ್ಯವಿಲ್ಲ, ಕಾಗದಕ್ಕೆ ಬೆಂಕಿ ತಗಲುವ ಅಂಜಿಕೆಯೂ ಇಲ್ಲ. ಬಾಡಿಗೆಯ ಮನೆಯಲ್ಲಿರುವವರಿಗಂತೂ ಇದು ಬಹಳ ಅನುಕೂಲ.

ಬೆಳಕಿನೊಡನೆ ನಮ್ಮ ನಾಡಿನ ನಂಟು ಹಳೆಯದು. ಶಿವನಸಮುದ್ರದಲ್ಲಿ ಕಾವೇರಿಯಿಂದ ಉತ್ಪಾದಿಸಿದ ವಿದ್ಯುತ್ತು 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ವಿದ್ಯುದ್ದೀಪಗಳಿಂದ ಬೆಳಗಿದವು. ಆದರೂ ನಮ್ಮಲ್ಲಿ ಅನೇಕರ ಬಾಲ್ಯ ಕಳೆದದ್ದು ಹಳ್ಳಿಯ ಲಾಟೀನು, ಚಿಮಣಿಗಳ ಬೆಳಕಿನಲ್ಲಿ. ಸಂಜೆಯಾದೊಡನೆ ಗಾಜನ್ನು ಬೂದಿಯಿಂದ ಒರೆಸಿ, ಬತ್ತಿಯನ್ನು ಕತ್ತರಿಸಿ, ಸೀಮೆಎಣ್ಣೆ ತುಂಬುವುದು ಮನೆಯ ಮಕ್ಕಳ ಪಾಲಿನ ಕೆಲಸವಾಗಿತ್ತು. ದೀಪಕ್ಕೆ ಎಣ್ಣೆಯೆಷ್ಟು ಬೇಕು, ಬತ್ತಿಯನ್ನು ಎಷ್ಟು ಏರಿಸಿದರೆ ಹೊಗೆಯಾಡುತ್ತದೆ ಎಂಬುದು ಆ ಮಕ್ಕಳಿಗೆ ತಿಳಿದಿತ್ತು. ಬೆಳಕಿನ ಬೆಲೆ ಗೊತ್ತಿದ್ದ ತಲೆಮಾರದು. ಇಂದು ಅದೇ ಮನೆಯ ಮೊಮ್ಮಕ್ಕಳಿಗೆ ಬೆಳಕು ಹೇರಳವಾಗಿದೆ, ಅದರ ಬಗೆ ಮಾತ್ರ ತಿಳಿಯದು. ದೀಪದ ಬುಡದಲ್ಲೇ ಕತ್ತಲೆ ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಇನ್ನೊಂದು ವಿಚಾರ ನಮ್ಮ ಮನಸ್ಸಿನಲ್ಲಿದೆ. ಹೊರನಾಡಿನಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಕನ್ನಡವು ಅಡುಗೆಮನೆಯ, ಹಬ್ಬದ, ಊರಿನ ಫೋನ್ ಕರೆಯ ಭಾಷೆಯಾಗಿ ಉಳಿದಿದೆ. ತಿಳಿವಳಿಕೆಯ ಭಾಷೆಯೂ ಅದಾಗಬಲ್ಲದು ಎಂಬುದನ್ನು ಅವರು ಕಾಣುವ ಅವಕಾಶ ವಿರಳ. ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲ ಪ್ರಪಂಚ’ವನ್ನೂ ಬಳಿಕ ‘ವಿಜ್ಞಾನ ಪ್ರಪಂಚ’ವನ್ನೂ ಬರೆದದ್ದು ಕನ್ನಡದಲ್ಲಿ ಎಲ್ಲವನ್ನೂ ಹೇಳಬಹುದೆಂಬ ವಿಶ್ವಾಸದಿಂದಲೇ. ಅಜ್ಜನೋ ಅಜ್ಜಿಯೋ ಮೊಮ್ಮಗುವಿನ ಪಕ್ಕದಲ್ಲಿ ಕುಳಿತು ಧನ, ಋಣ, ಒತ್ತಡ, ಪ್ರವಾಹ, ರೋಧಕ ಎಂಬ ಐದು ಶಬ್ದಗಳನ್ನು ಈ ದೀಪವನ್ನು ಜೋಡಿಸುತ್ತಲೇ ಹೇಳಿಕೊಟ್ಟರೆ, ಆ ಶಬ್ದಗಳು ಮಗುವಿನ ನೆನಪಿನಲ್ಲಿ ಬೆಳಕಿನೊಡನೆ ಸೇರಿಕೊಂಡು ಉಳಿಯುತ್ತವೆ. ಶಾಲೆಯಲ್ಲಿ ಅದನ್ನೇ ಇಂಗ್ಲಿಷಿನಲ್ಲೋ ಮರಾಠಿ, ತಮಿಳು, ತೆಲುಗು, ಹಿಂದಿಯಲ್ಲೋ ಓದುವಾಗ ಅರ್ಥವು ಮೊದಲೇ ಮನೆಯಲ್ಲಿ ಸಿದ್ಧವಾಗಿರುತ್ತದೆ.

ನಮ್ಮ ಕನ್ನಡ ಸಂಘಗಳು ನಡೆಸುವ ಮಕ್ಕಳ ಕನ್ನಡ ತರಗತಿಗಳಲ್ಲಿ, ಬೇಸಿಗೆಯ ಶಿಬಿರಗಳಲ್ಲಿ ಹಾಡು, ನೃತ್ಯ, ಚಿತ್ರಕಲೆಗಳ ಜೊತೆಗೆ ಇಂತಹ ಕೈಕೆಲಸಕ್ಕೂ ಒಂದು ಅಪರಾಹ್ನವನ್ನು ಮೀಸಲಿಡಬಹುದೆಂದು ನಾವು ಸಂಘಟಕರಲ್ಲಿ ವಿನಂತಿಸುತ್ತೇವೆ. ಸದಸ್ಯರಲ್ಲಿ ಇಂಜಿನಿಯರರಿಗೂ ನಿವೃತ್ತ ಅಧ್ಯಾಪಕರಿಗೂ ಕೊರತೆಯಿಲ್ಲ. ಮಕ್ಕಳು ಮಾಡಿದ ದೀಪಗಳನ್ನು ಒಂಟಿಯಾಗಿ ವಾಸಿಸುವ ಹಿರಿಯ ಸದಸ್ಯರ ಮನೆಗಳಿಗೆ ಅವರ ಕೈಯಿಂದಲೇ ತಲುಪಿಸಿದರೆ ಆ ಅಪರಾಹ್ನ ಇನ್ನೂ ಸಾರ್ಥಕವಾಗುತ್ತದೆ.

ಮಳೆಗಾಲಕ್ಕೆ ಮುನ್ನ ಕೊಡೆಗಳನ್ನು ರಿಪೇರಿ ಮಾಡಿಸುವಂತೆ ಈ ವರ್ಷ ಒಂದು ದೀಪವನ್ನೂ ಮಾಡಿಡಿರಿ. ಅದನ್ನು ಇಡುವ ಸ್ಥಳವನ್ನು ಮನೆಯವರೆಲ್ಲರೂ ತಿಳಿದಿರಲಿ. ಕತ್ತಲೆಯಲ್ಲಿ ಕೈಚಾಚಿದರೆ ಸಿಗುವಂತಿರಲಿ. ಎಲ್ಲರ ಮನೆ ಬೆಳಗಲಿ ಎಂಬುದೇ ನಮ್ಮ ಹಾರೈಕೆ.